ದವಡೆ ಟಕ್ ಅಂದರೆ ರಿಪೇರಿ ಬೇಕಾ?

"ಬಾಯಿ ತೆರೆದಾಗ ಕಿವಿ ಹತ್ರ ಟಕ್ ಅನ್ನುತ್ತೆ ಡಾಕ್ಟ್ರೇ, ಕೀಲು ಸವೆದುಹೋಗಿದೆಯಾ?" ಇದನ್ನು ಕೇಳಿದಾಗ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ನೋವಿದೆಯಾ? ಬಾಯಿ ಪೂರ್ತಿ ತೆರೆಯುತ್ತಾ? ನೋವಿಲ್ಲ, ಚೆನ್ನಾಗಿ ತೆರೆಯುತ್ತೆ, ಬರೀ ಶಬ್ದ ಅಂದರೆ ಚಿಕಿತ್ಸೆ ಬೇಡ. ಇಷ್ಟು ಹೇಳಿದರೆ ಕೆಲವರಿಗೆ ಬೇಜಾರು, ಏನೋ ಮುಚ್ಚಿಡುತ್ತಿದ್ದಾರೆ ಅನ್ನೋ ಅನುಮಾನ.

ಕಿವಿಯ ತೂತಿನ ಮುಂದೆ ಬೆರಳಿಟ್ಟುಕೊಂಡು ನಿಧಾನವಾಗಿ ಬಾಯಿ ತೆರೆದು ನೋಡಿ. ಮೊದಲು ದವಡೆ ಮೂಳೆಯ ಗುಂಡು ತುದಿ ಇದ್ದಲ್ಲೇ ತಿರುಗುತ್ತದೆ. ಇನ್ನೂ ತೆರೆದರೆ ಅದು ಕೂತಿರುವ ಗುಳಿಯಿಂದ ಜಾರಿ ಮುಂದಕ್ಕೆ ಬರುತ್ತದೆ. ಈ ಗುಂಡು ತುದಿಗೂ ಗುಳಿಗೂ ಮಧ್ಯೆ ಒಂದು ತೆಳು ಡಿಸ್ಕ್ ಇರುತ್ತದೆ. ಅದು ಸ್ವಲ್ಪ ಮುಂದೆ ಸರಿದಿದ್ದರೆ, ಬಾಯಿ ತೆರೆಯುವಾಗ ಗುಂಡು ಮತ್ತೆ ಅದರಡಿಗೆ ನುಗ್ಗುತ್ತದೆ, ಅದೇ ಆ ಟಕ್. ಯಾವ ತೊಂದರೆಯೂ ಇಲ್ಲದವರಿಗೆ ಎಂಆರ್‌ಐ ಮಾಡಿಸಿದರೂ ಸುಮಾರು ಮೂವರಲ್ಲಿ ಒಬ್ಬರಿಗೆ ಡಿಸ್ಕ್ ಸರಿದಿರುವುದು ಕಾಣುತ್ತದೆ. ಹಾಗಾಗಿ ಸ್ಕ್ಯಾನ್ ರಿಪೋರ್ಟ್ ಒಂದನ್ನೇ ಹಿಡಿದು ಚಿಕಿತ್ಸೆ ಶುರು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ತುಂಬಾ ದಿನ ಬರುತ್ತಿದ್ದ ಶಬ್ದ ಇದ್ದಕ್ಕಿದ್ದಂತೆ ನಿಂತು, ಅವತ್ತಿಂದಲೇ ಬಾಯಿ ಅರ್ಧ ಮಾತ್ರ ತೆರೆಯುತ್ತಿದೆ ಅಂದರೆ ಮಾತು ಬೇರೆ. ಡಿಸ್ಕ್ ಮುಂದೆ ಸಿಕ್ಕಿಹಾಕಿಕೊಂಡಿರಬಹುದು. ಮುಂದಿನ ಹಲ್ಲುಗಳ ಮಧ್ಯೆ ಸಾಮಾನ್ಯವಾಗಿ 40 ಮಿಮೀ ಅಥವಾ ಅದಕ್ಕಿಂತ ಜಾಸ್ತಿ ಜಾಗ ಸಿಗಬೇಕು, ನಿಮ್ಮದೇ ಮೂರು ಬೆರಳು ನಿಲ್ಲಿಸಿ ಹಿಡಿದಷ್ಟು. ಲಾಕ್ ಆದವರಲ್ಲಿ ಅದು 25–30ಕ್ಕೆ ಇಳಿದು, ತೆರೆಯುವಾಗ ಗದ್ದ ನೋವಿರುವ ಕಡೆಗೇ ವಾಲುತ್ತದೆ. ಇವರು ಬೇಗ ಬಂದಷ್ಟೂ ಒಳ್ಳೆಯದು.

ಆದರೆ ನೋವು ಅಂತ ಬರುವವರಲ್ಲಿ ಜಾಸ್ತಿ ಜನರದ್ದು ಕೀಲಿನದ್ದೇ ಅಲ್ಲ, ಸ್ನಾಯುವಿನ ನೋವು. ಪರೀಕ್ಷೆ ಬೆರಳಿನಲ್ಲೇ ನಡೆಯುತ್ತದೆ. ಕೆನ್ನೆ ಮತ್ತು ಕಣತಲೆಯ ಸ್ನಾಯುವಿನ ಮೇಲೆ ಸುಮಾರು 1 ಕೆಜಿ ಒತ್ತಡ, ಕೀಲಿನ ಮೇಲೆ ಅದರ ಅರ್ಧ. (ಅಡುಗೆಮನೆ ತೂಕದ ಯಂತ್ರದ ಮೇಲೆ ಬೆರಳೊತ್ತಿ ಅಭ್ಯಾಸ ಮಾಡಿಕೊಳ್ಳಬಹುದು, ನಗಬೇಡಿ.) ಒತ್ತಿದಾಗ "ನೋಯುತ್ತಾ?" ಅಂತ ಕೇಳಿದರೆ ಸಾಲದು, ಜೋರಾಗಿ ಒತ್ತಿದರೆ ಯಾರಿಗಾದರೂ ನೋಯುತ್ತೆ ಅಲ್ವಾ? "ನೀವು ಹೇಳಿದ ನೋವು ಇದೇನಾ?" ಅಂತ ಕೇಳಬೇಕು. 2014ರಲ್ಲಿ ಬಂದ ಅಂತರರಾಷ್ಟ್ರೀಯ ರೋಗನಿರ್ಣಯ ಮಾನದಂಡವೂ ಈ ಪರಿಚಿತ ನೋವಿನ ಮೇಲೆಯೇ ನಿಂತಿದೆ. ಬೆರಳನ್ನು ಐದು ಸೆಕೆಂಡ್ ಹಾಗೇ ಒತ್ತಿ ಹಿಡಿದರೆ ಕೆಲವರಿಗೆ ನೋವು ಕೆನ್ನೆಯಿಂದ ಹಲ್ಲಿಗೋ ಕಿವಿಗೋ ಹರಿಯುತ್ತದೆ. ಕಿವಿಯಲ್ಲಿ ಏನೂ ಇಲ್ಲದಿದ್ದರೂ ಕಿವಿನೋವಿಗೆ ಹನಿ ಹಾಕಿಸಿಕೊಂಡವರು, ಚೆನ್ನಾಗಿದ್ದ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡವರು ಈ ಗುಂಪಿನಲ್ಲಿ ಸಿಗುತ್ತಾರೆ.

ನೋವು ಯಾವ ಹೊತ್ತಿಗೆ ಅನ್ನುವುದೂ ಸುಳಿವು ಕೊಡುತ್ತದೆ. ಏಳುವಾಗಲೇ ದವಡೆ ಬಿಗಿ ಅಂದರೆ ರಾತ್ರಿ ಹಲ್ಲು ಕಡಿಯುತ್ತಿರಬಹುದು. ಸಂಜೆ ಹೊತ್ತಿಗೆ ಜಾಸ್ತಿ ಆದರೆ ಹಗಲಲ್ಲಿ ಹಲ್ಲು ಕಚ್ಚಿಕೊಂಡು ಕೂರುವ ಅಭ್ಯಾಸ. ಈಗ ಓದುತ್ತಿರುವಾಗ ನಿಮ್ಮ ಮೇಲಿನ ಹಲ್ಲು, ಕೆಳಗಿನ ಹಲ್ಲು ತಾಗಿವೆಯಾ? ತಾಗಿರಬಾರದು. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆ ಅಂಗುಳಕ್ಕೆ ಹಗುರವಾಗಿ ತಾಗಿರಲಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹಲ್ಲು ಕಡಿತ ಶುರುವಾಗುತ್ತದೆ, ಹಾಗಾಗಿ ಔಷಧಿ ಪಟ್ಟಿ ಕೇಳುತ್ತೇನೆ. ನಿದ್ದೆ, ಒತ್ತಡದ ವಿಷಯವನ್ನೂ ಕೇಳುತ್ತೇನೆ. ಅದು ಸುಮ್ನೆ ಕುಶಲೋಪರಿ ಅಲ್ಲ.

ಚಿಕಿತ್ಸೆ ಬಹಳ ಸಪ್ಪೆ ಅನಿಸಬಹುದು. ಕೆಲವು ವಾರ ಮೆತ್ತಗಿನ ಊಟ, ಚೂಯಿಂಗ್ ಗಮ್ ಬಂದ್, ಬಿಸಿ ಶಾಖ, ಆಕಳಿಸುವಾಗ ಗದ್ದಕ್ಕೆ ಕೈ ಆಸರೆ, ಬೇಕಾದರೆ ಸ್ವಲ್ಪ ದಿನ ನೋವಿನ ಮಾತ್ರೆ. ಜೊತೆಗೆ ದವಡೆಯ ವ್ಯಾಯಾಮ, ಫಿಸಿಯೋಥೆರಪಿ. ಜಾಸ್ತಿ ಜನರಿಗೆ ಇಷ್ಟರಲ್ಲೇ ಇಳಿಯುತ್ತದೆ. 2023ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ದೀರ್ಘಕಾಲದ ದವಡೆ ನೋವಿನ ಮಾರ್ಗಸೂಚಿಯೂ ತಜ್ಞರ ಕೈಕೆಳಗಿನ ವ್ಯಾಯಾಮ, ಕೈಯಿಂದ ಮಾಡುವ ಚಿಕಿತ್ಸೆ, ಮನಸ್ಸಿನ ಒತ್ತಡ ನಿಭಾಯಿಸುವ ಥೆರಪಿ ಇವನ್ನೇ ಮುಂದಿಟ್ಟಿತು. ನೈಟ್ ಗಾರ್ಡ್, ಅಂದರೆ ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಪ್ಲೇಟ್, ಹಲ್ಲು ಸವೆಯದಂತೆ ಕಾಪಾಡುತ್ತದೆ, ಕೆಲವರಿಗೆ ನೋವೂ ಕಮ್ಮಿಯಾಗುತ್ತದೆ, ಆದರೆ ಹಲ್ಲು ಕಡಿಯುವುದನ್ನು ಅದು ನಿಲ್ಲಿಸುವುದಿಲ್ಲ. ಎಲ್ಲಾ ಹಲ್ಲನ್ನೂ ಮುಚ್ಚುವ ಗಟ್ಟಿ ಪ್ಲೇಟನ್ನು ರಾತ್ರಿ ಮಾತ್ರ ಹಾಕಿ. ಒಂದೆರಡು ಹಲ್ಲನ್ನಷ್ಟೇ ಮುಚ್ಚುವಂಥದ್ದನ್ನು ತಿಂಗಳುಗಟ್ಟಲೆ ಹಾಕಿದರೆ ಕಚ್ಚುವ ರೀತಿಯೇ ಬದಲಾಗಬಹುದು.

"ನಿಮ್ಮ ಕಚ್ಚುವಿಕೆ ಸರಿಯಿಲ್ಲ, ಹಲ್ಲು ಉಜ್ಜಿ ಸಮ ಮಾಡಿದರೆ, ಕ್ಲಿಪ್ ಹಾಕಿದರೆ ದವಡೆ ನೋವು ಹೋಗುತ್ತೆ" ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಅದರಿಂದ ಈ ನೋವು ಹೋಗುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆಯೂ ಇಲ್ಲ. ಲಾಕ್ ಆಗಿ ವ್ಯಾಯಾಮಕ್ಕೆ ಬಗ್ಗದ ಕೀಲಿಗೆ ಸೂಜಿ ಹಾಕಿ ತೊಳೆಯುವ ವಿಧಾನವಿದೆ. ತೆರೆದು ಮಾಡುವ ಶಸ್ತ್ರಚಿಕಿತ್ಸೆ ಬೇಕಾಗುವವರು ತೀರಾ ಕಮ್ಮಿ.

ಆಕಳಿಸಿದ ಬಾಯಿ ಮುಚ್ಚಲೇ ಬರದಿದ್ದರೆ ಮನೆಯಲ್ಲಿ ಗುದ್ದಾಡಬೇಡಿ, ಆಸ್ಪತ್ರೆಗೆ ಹೋಗಿ. ಹೆಬ್ಬೆರಳಿನಿಂದ ಕೆಳದವಡೆಯನ್ನು ಮೊದಲು ಕೆಳಕ್ಕೆ ಒತ್ತಿ ಆಮೇಲೆ ಹಿಂದಕ್ಕೆ ತಳ್ಳಿ ಕೂರಿಸುತ್ತಾರೆ. ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ನೋವು ಬಂದು ಕೂತರೆ ಹೋಗುತ್ತದೆ ಅಂದರೆ ಹೃದಯ ತೋರಿಸಬೇಕು, ಕೂತರೂ ಬಿಡದಿದ್ದರೆ ಅದು ತುರ್ತು. ಐವತ್ತು ದಾಟಿದವರಿಗೆ ಹೊಸದಾಗಿ ಕಣತಲೆ ನೋವು, ಅಗಿಯುತ್ತಾ ಅಗಿಯುತ್ತಾ ದವಡೆ ಸೋತುಬರುವುದು, ಕಣ್ಣು ಮಂಜಾಗುವುದು ಇದ್ದರೆ ರಕ್ತನಾಳದ ಉರಿಯೂತ ಇರಬಹುದು. ತಡವಾದರೆ ದೃಷ್ಟಿಯೇ ಹೋಗುತ್ತದೆ. ಅಂಥವರು ನನ್ನ ಅಪಾಯಿಂಟ್‌ಮೆಂಟ್‌ಗೆ ಕಾಯಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.