ಮರದ ಡ್ಯೂರರನ ಅಳತೆ

ಜರ್ಮನಿಯ ಬ್ರೌನ್‌ಶ್ವೈಗ್ ನಗರದ ಮ್ಯೂಸಿಯಂನಲ್ಲಿ ಅಂಗೈಯಲ್ಲಿ ಅಡಗುವಷ್ಟು ಪುಟ್ಟದೊಂದು ಮರದ ಬಿಲ್ಲೆಯಿದೆ. ಅದರಲ್ಲಿ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರನ ಪಕ್ಕನೋಟದ ಮುಖ, ಗಡ್ಡ, ಇಳಿಬಿದ್ದ ಉದ್ದ ಕೂದಲು. ಕೆತ್ತಿದವನು ಔಗ್ಸ್‌ಬರ್ಗಿನ ಹಾನ್ಸ್ ಶ್ವಾರ್ಟ್ಸ್. 1520ರಲ್ಲಿ ನೆದರ್ಲೆಂಡ್ಸ್ ಪ್ರವಾಸದಲ್ಲಿದ್ದ ಡ್ಯೂರರ್ ಈ ಕೆಲಸಕ್ಕಾಗಿ ಅವನಿಗೆ 2 ಚಿನ್ನದ ನಾಣ್ಯ ಕಳಿಸಿದ್ದನ್ನು ತನ್ನ ದಿನಚರಿಯಲ್ಲಿ ಲೆಕ್ಕ ಬರೆದಿಟ್ಟಿದ್ದಾನೆ. ಖರ್ಚಿನ ವಿಷಯದಲ್ಲಿ ಮಹಾ ಕಟ್ಟುನಿಟ್ಟಿನ ಮನುಷ್ಯ!

ಆದರೆ ಕೊನೆಗೆ ಬೇಕಾಗಿದ್ದುದು ಮರವಲ್ಲ, ಲೋಹದ ಪದಕ. ಮರದ್ದು ಅಚ್ಚು ತೆಗೆಯಲು ಮಾಡಿದ ಮಾದರಿ. ಇಟಲಿಯವರು ಈ ಕೆಲಸಕ್ಕೆ ಮೇಣ ಬಳಸಿದರೆ ಜರ್ಮನರು ಮರ ಅಥವಾ ನುಣುಪು ಕಲ್ಲನ್ನು ನೆಚ್ಚಿಕೊಂಡರು. 1518ರಲ್ಲಿ ಔಗ್ಸ್‌ಬರ್ಗಿನಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಮಹಾಸಭೆ ಸೇರಿದಾಗ ಶ್ವಾರ್ಟ್ಸ್‌ಗೆ ಗಿರಾಕಿಗಳ ಸುಗ್ಗಿ. ಮೊದಲು ಇದ್ದಿಲಿನಲ್ಲಿ ಮುಖದ ಚಿತ್ರ, ಆಮೇಲೆ ಉಳಿ.

ಓಕ್ ಮರದಲ್ಲಿ ಇಷ್ಟು ಸಣ್ಣ ಮುಖ ಕೆತ್ತುವುದು ಕಷ್ಟ. ಅದರ ನೀರ್ಗೊಳವೆಗಳ ತೂತು ಬರಿಗಣ್ಣಿಗೇ ಕಾಣುತ್ತದೆ, ಕಣ್ಣ ರೆಪ್ಪೆ ಕೆತ್ತಹೋದರೆ ಉಳಿ ಆ ತೂತಿಗೇ ಬೀಳುತ್ತದೆ. ಬಾಕ್ಸ್‌ವುಡ್ ಹಾಗಲ್ಲ, ಅದು ನಿಧಾನವಾಗಿ ಬೆಳೆಯುವ ಮರ. ಅದರ ಕೊಳವೆಗಳು ನಮ್ಮ ಕೂದಲಿಗಿಂತ ಸಣ್ಣವು. ಹಸಿಯಿರುವಾಗ ನೀರಿಗೆ ಹಾಕಿದರೆ ಮುಳುಗುವಷ್ಟು ಒತ್ತಾದ ಮರ ಅದು.

ಇಂಥ ವಸ್ತು ಕಂಡರೆ ‘ಮರಕ್ಕೆ ಇನ್ನೂ ಜೀವವಿದೆ, ಉಸಿರಾಡುತ್ತದೆ’ ಎನ್ನುವವರು ಇದ್ದೇ ಇರುತ್ತಾರೆ. ಕೇಳಲು ಚೆಂದ, ಆದರೆ ಸುಳ್ಳು. ಕಡಿದ ಮರ ಸತ್ತ ಮರ. ಮಳೆಗಾಲದಲ್ಲಿ ನಮ್ಮ ಮನೆಬಾಗಿಲು ಬಿಗಿಯಾಗುವುದಕ್ಕೆ ಯಾವ ಜೀವವೂ ಬೇಡ, ತೇವ ಸಾಕು. ಮರದ ಕೋಶಗಳ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳು ಹೆಚ್ಚುಕಡಿಮೆ ಕಾಂಡದ ಉದ್ದಕ್ಕೇ ಮಲಗಿರುತ್ತವೆ. ಗಾಳಿಯ ನೀರಿನ ಅಣುಗಳು ಎಳೆ ಎಳೆಯ ನಡುವೆ ನುಗ್ಗಿ ಅವನ್ನು ಪಕ್ಕಕ್ಕೆ ತಳ್ಳುತ್ತವೆ. ಎಳೆ ದೂರ ಸರಿಯುತ್ತದೆಯೇ ಹೊರತು ಉದ್ದವಾಗುವುದಿಲ್ಲ. ಹಾಗಾಗಿ ಹಸಿಮರ ಪೂರ್ತಿ ಒಣಗಿದರೂ ಉದ್ದದಲ್ಲಿ ಕುಗ್ಗುವುದು ಸಾಮಾನ್ಯವಾಗಿ ಶೇ. 0.1ರಿಂದ 0.3 ಮಾತ್ರ. ಅಡ್ಡಕ್ಕೆ ಅದರ ಹತ್ತಾರು ಪಟ್ಟು. ಅದರಲ್ಲೂ ಬೆಳವಣಿಗೆಯ ಉಂಗುರದ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಸುಮಾರು ಎರಡು ಪಟ್ಟು. ಕಂಪಾಸಿನಿಂದ ಗುಂಡಗೆ ಬರೆದು ಕೆತ್ತಿದ ಬಿಲ್ಲೆ, ಕೋಣೆಯ ಗಾಳಿ ಒಣಗಿದಂತೆ ಕೂದಲೆಳೆಯಷ್ಟಾದರೂ ಮೊಟ್ಟೆಯಾಕಾರಕ್ಕೆ ತಿರುಗುವುದು ಇದರಿಂದಲೇ.

ಈ ಲೆಕ್ಕ ಪತ್ತೇದಾರಿಕೆಗೂ ಬರುತ್ತದೆ. ಕರಗಿದ ಕಂಚು ಗಟ್ಟಿಯಾಗಿ ತಣಿಯುವಾಗ ಸುಮಾರು ಶೇ. 1.5ರಷ್ಟು ಕುಗ್ಗುತ್ತದೆ. 60 ಮಿ.ಮೀ. ಮಾದರಿಯಿಂದ ಎರಕ ಹೊಯ್ದರೆ ಪದಕ 59ರ ಆಸುಪಾಸು ಬರುತ್ತದೆ. ಆ ಪದಕದಿಂದಲೇ ಮತ್ತೆ ಅಚ್ಚು ತೆಗೆದು ಎರೆದರೆ 58. ಅಂದರೆ ಮೂಲ ಮಾದರಿ ತನ್ನ ಸಂತಾನಕ್ಕಿಂತ ಚಿಕ್ಕದಿರುವಂತಿಲ್ಲ. ಪದಕ ನೋಡಿಕೊಂಡು ಆಮೇಲೆ ಯಾರೋ ಕೆತ್ತಿದ ‘ಮೂಲ’ ಮಾದರಿಯ ಬಣ್ಣ ಬಯಲಾಗುವುದು ಎಷ್ಟೋ ಸಲ ಇಲ್ಲೇ. ಆದರೆ ಅಳತೆಯ ಉಪಕರಣ ಕ್ಯಾಲಿಪರ್ ಹಿಡಿಯಬೇಕಾದ್ದು ಎಳೆಯ ಉದ್ದಕ್ಕೆ. ಅಡ್ಡಕ್ಕೆ ಹಿಡಿದರೆ 500 ವರ್ಷ ಒಣಗಿದ ಅಸಲಿ ಮರವೂ ಪದಕದಷ್ಟೇ ಅಳತೆ ತೋರಿಸಿ, ನಕಲಿಗಳ ಪಟ್ಟಿಗೆ ಸೇರಿಬಿಡಬಹುದು.