ಟೇಬಲ್ ಸಾ ಮೆಷಿನ್ನಿಗೆ ದುಡ್ಡು ಹಾಕುವ ಮೊದಲು

ಹೊಸ ಟೇಬಲ್ ಸಾ (ಮೇಜಿನ ನಡುವಿಂದ ಬ್ಲೇಡು ಮೇಲೆದ್ದಿರುವ ಗರಗಸ) ತಂದವರು ಸಾಮಾನ್ಯವಾಗಿ ಕೇಳುವುದು ಲೇಸರ್ ಗೆರೆ, ಡಿಜಿಟಲ್ ಗೇಜು, ದೊಡ್ಡ ಫೆನ್ಸ್ (ಮರವನ್ನು ಒರಗಿಸಿ ನೇರವಾಗಿ ತಳ್ಳುವ ಪಟ್ಟಿ) ಇಂಥವುಗಳ ಬಗ್ಗೆ. ನಾನು ತಿರುಗಿ ಕೇಳುವುದು ಒಂದೇ: ನೀವು ಜಾಸ್ತಿ ಕೊಯ್ಯುವುದು ಏನನ್ನು? ತೇಗದ ಹಲಗೆಯನ್ನೋ, ಮೈಕಾ ಅಂಟಿಸಿದ ಪ್ಲೈವುಡ್ಡನ್ನೋ? ಮೊದಲ ಖರ್ಚು ಬ್ಲೇಡಿನದು, ಮತ್ತು ಅದು ಈ ಉತ್ತರದ ಮೇಲೆ ನಿಂತಿದೆ.

10 ಇಂಚಿನ ಮೆಷಿನ್ನಿನಲ್ಲಿ ಎಳೆಯ ಉದ್ದಕ್ಕೆ ಸೀಳಲು 24 ಹಲ್ಲಿನ ಬ್ಲೇಡು ಸರಿ. ಹಲ್ಲುಗಳ ನಡುವೆ ಜಾಗ ಜಾಸ್ತಿ ಇರುವುದರಿಂದ ಹೊಟ್ಟು ಸರಾಗವಾಗಿ ಹೊರಬೀಳುತ್ತದೆ. ಅಡ್ಡ ಕೊಯ್ಯಲು ಮತ್ತು ಪ್ಲೈಗೆ 60 ಅಥವಾ 80 ಹಲ್ಲಿನದು. ಅದೇ 80 ಹಲ್ಲಿನದರಲ್ಲಿ ದಪ್ಪ ತೇಗ ಸೀಳಲು ಹೊರಟರೆ ಮರ ಸುಟ್ಟು ಕಪ್ಪಾಗುತ್ತದೆ, ಮೋಟರ್ ಏದುಸಿರು ಬಿಡುತ್ತದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ, ಕಾರ್ಬೈಡ್ ತುದಿಯ ಬ್ಲೇಡೇ ಬೇಕು. ಮೈಕಾ ಕೆಲಸವೇ ಹೆಚ್ಚಾದರೆ ಟ್ರಿಪಲ್ ಚಿಪ್ ಹಲ್ಲಿನದನ್ನು ಕೇಳಿ, ಅಂಚಿನಲ್ಲಿ ಚಕ್ಕೆ ಏಳುವುದು ತಗ್ಗುತ್ತದೆ. ಅಂಗಡಿಗೆ ಹೋಗುವಾಗ ಹಳೆ ಬ್ಲೇಡನ್ನು ಜೊತೆಗೇ ಒಯ್ಯಿರಿ. ನಡುವಿನ ತೂತು 25.4 ಮಿ.ಮೀ. ಇರಬಹುದು, 30 ಇರಬಹುದು.

ಬ್ಲೇಡು ಬದಲಿಸಿದ ಕೂಡಲೇ ಅದರ ಹಿಂದೆ ನಿಲ್ಲುವ ಉಕ್ಕಿನ ಪಟ್ಟಿಯನ್ನು ನೋಡಬೇಕು, ಅದೇ ರೈವಿಂಗ್ ನೈಫ್. ಅದರ ದಪ್ಪ ಬ್ಲೇಡಿನ ತಟ್ಟೆಗಿಂತ ಹೆಚ್ಚು, ಹಲ್ಲು ಬಿಡುವ ಸೀಳಿಗಿಂತ ಕಡಿಮೆ ಇರಬೇಕು. ಕರೆಂಟ್ ಖರ್ಚು ಉಳಿಯಲಿ ಅಂತ ತೆಳು ಬ್ಲೇಡು ತಂದು ಹಳೆ ನೈಫನ್ನೇ ಬಿಟ್ಟರೆ ಮರ ಅದಕ್ಕೆ ತಾಗಿ ಮುಂದೆ ಹೋಗುವುದೇ ಇಲ್ಲ. ಆಗ ನಮ್ಮವರು ಮಾಡುವುದೇನು? ನೈಫ್ ಬಿಚ್ಚಿ ಮೂಲೆಗಿಡುತ್ತಾರೆ. ನಿಮಿಷಕ್ಕೆ 4000 ಸುತ್ತು ತಿರುಗುವ 10 ಇಂಚಿನ ಬ್ಲೇಡಿನ ಹಲ್ಲು ಗಂಟೆಗೆ ಸುಮಾರು 190 ಕಿ.ಮೀ. ವೇಗದಲ್ಲಿರುತ್ತದೆ. ಸೀಳಿದ ಮರ ಬಿಗಿದುಕೊಂಡು ಹಿಂದಿನ ಹಲ್ಲಿಗೆ ಸಿಕ್ಕಿದರೆ ಅದು ಮೇಲೆದ್ದು ನಿಮ್ಮ ಹೊಟ್ಟೆಯ ಕಡೆಗೇ ಹಾರುತ್ತದೆ. ಆ ಪಟ್ಟಿ ತಡೆಯುವುದು ಇದನ್ನೇ. ಇನ್ನು ಸೈಟಿನಲ್ಲಿ ಪ್ಲೈ ಹಲಗೆಯಡಿ ಕೈಯಲ್ಲಿ ಹಿಡಿಯುವ ಕಟರ್ ಮಗುಚಿ ಕಟ್ಟಿಕೊಂಡು ಕೊಯ್ಯುತ್ತಾರಲ್ಲ, ಅದಕ್ಕೆ ನೈಫೂ ಇಲ್ಲ, ಗಾರ್ಡೂ ಇಲ್ಲ. ಅಂಥದ್ದಕ್ಕೆ ಬಿಡಿಭಾಗ ಹುಡುಕಬೇಡಿ. ಆ ದುಡ್ಡು ಸರಿಯಾದ ಒಂದು ಸಣ್ಣ ಮೆಷಿನ್ನಿಗೆ ಸೇರಲಿ.

ನಮ್ಮ ಕಡೆ ಯಾರೂ ಕೇಳದ, ಆದರೆ ನಾನು ಎಲ್ಲರಿಗೂ ಹೇಳುವ ಅಪ್‌ಗ್ರೇಡ್ ಒಂದಿದೆ: ಸ್ಟಾರ್ಟರ್, ಅಂದರೆ ಮೆಷಿನ್ ಶುರು ಮಾಡುವ ಸ್ವಿಚ್. ಕೊಯ್ಯುತ್ತಿರುವಾಗ ಕರೆಂಟ್ ಹೋಗುತ್ತದೆ. ಸ್ವಿಚ್ ಆಫ್ ಮಾಡುವುದು ಮರೆತು ಬ್ಲೇಡಿನ ಹತ್ತಿರದ ತುಂಡು ತೆಗೆಯಲು ಕೈ ಹಾಕುತ್ತೀರಿ. ಅಷ್ಟರಲ್ಲಿ ಕರೆಂಟ್ ಬಂತು ಅನ್ನಿ. ನೋ-ವೋಲ್ಟ್ ರಿಲೀಸ್ ಇರುವ ಸ್ವಿಚ್ ಇದ್ದರೆ ಹಸಿರು ಗುಂಡಿ ಮತ್ತೆ ಒತ್ತುವ ತನಕ ಮೆಷಿನ್ ಏಳುವುದಿಲ್ಲ. ಸಿಂಗಲ್ ಫೇಸಿಗೂ ಇದು ಸಿಗುತ್ತದೆ. ನಿಮ್ಮ ಮೆಷಿನ್ನಿನಲ್ಲಿ ಈಗಾಗಲೇ ಇದೆಯೇ ಎಂದು ತಿಳಿಯಲು ಬ್ಲೇಡು ಬಿಚ್ಚಿಟ್ಟು, ಮೆಷಿನ್ ಓಡುತ್ತಿರುವಾಗ ಗೋಡೆಯ ಸ್ವಿಚ್ ಆರಿಸಿ ಮತ್ತೆ ಹಾಕಿ ನೋಡಿ. ಒಂದು ಎಚ್ಚರಿಕೆ. ಪಂಪ್‌ಸೆಟ್ ಕೆಲಸ ಮಾಡಿ ರೂಢಿಯಾದ ಎಲೆಕ್ಟ್ರಿಷಿಯನ್ ಒಳ್ಳೆಯ ಮನಸ್ಸಿನಿಂದಲೇ ಆಟೋ ಸ್ಟಾರ್ಟರ್ ಕೂರಿಸಿಬಿಡಬಹುದು. ಕರೆಂಟ್ ಬಂದ ಕೂಡಲೇ ತಾನಾಗಿ ಶುರುವಾಗುವುದು ಬೋರ್‌ವೆಲ್ಲಿಗೆ ಅನುಕೂಲ. ಗರಗಸಕ್ಕೆ ಅದು ಬೇಡವೇ ಬೇಡ.

ಆಮೇಲಿನದೆಲ್ಲ ಹೆಚ್ಚುಕಮ್ಮಿ ಉಳಿದ ಪ್ಲೈ ತುಂಡಿನಲ್ಲೇ ಆಗುತ್ತದೆ. ಮೇಜಿನಲ್ಲಿ ಬ್ಲೇಡು ಮೇಲೆ ಬರುವ ಜಾಗಕ್ಕೆ, ಬ್ಲೇಡಿನ ಸುತ್ತ ಸಂದಿಯಿಲ್ಲದ ತಟ್ಟೆ ಮಾಡಿಕೊಳ್ಳಿ: ಮೆಷಿನ್ನಿನ ಜೊತೆಗೆ ಬಂದ ತಟ್ಟೆಯ ಆಕಾರಕ್ಕೆ ಪ್ಲೈ ಕತ್ತರಿಸಿ, ಗಟ್ಟಿಯಾಗಿ ಅದುಮಿ ಹಿಡಿಯುವಂತೆ ಮೇಲೊಂದು ಮರ ಕ್ಲ್ಯಾಂಪ್ ಮಾಡಿ, ಓಡುತ್ತಿರುವ ಬ್ಲೇಡನ್ನು ನಿಧಾನವಾಗಿ ಮೇಲೆತ್ತಿ. ಕೆಳಮೈಯ ಚಕ್ಕೆ ಏಳುವುದು ಕಡಿಮೆಯಾಗುತ್ತದೆ, ಸಣ್ಣ ಪಟ್ಟಿಗಳು ಒಳಗೆ ಬೀಳುವುದೂ ನಿಲ್ಲುತ್ತದೆ. ಮರ ತಳ್ಳಲು ಒಂದು ಪುಶ್ ಬ್ಲಾಕ್ ಮಾಡಿಡಿ. ಹಾಳಾದರೆ ಇನ್ನೊಂದು.

ಅಡ್ಡ ಕೊಯ್ಯುವ ಸ್ಲೆಡ್ಡಿಗೆ (ಮರವನ್ನು ಮೇಲಿಟ್ಟು ಬ್ಲೇಡಿನತ್ತ ಜಾರಿಸುವ ಹಲಗೆ) ಮಾತ್ರ ಸಮಯ ಕೊಡಿ. ಅದರ ಕೆಳಗಿನ ಓಟದ ಪಟ್ಟಿಯನ್ನು ಮರದಲ್ಲಿ ಮಾಡಿದರೆ ಮಳೆಗಾಲದಲ್ಲಿ ಊದಿಕೊಂಡು ಮೇಜಿನ ಗಾಡಿಯಲ್ಲಿ, ಅಂದರೆ ಪಟ್ಟಿ ಓಡುವ ಉದ್ದ ತೋಡಿನಲ್ಲಿ, ಬಿಗಿಯುತ್ತದೆ. ಮಲೆನಾಡು, ಕರಾವಳಿಯವರಿಗೆ ಇದು ಗೊತ್ತು. ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಮಣೆ ತಂದು ಅದರಿಂದಲೇ ಪಟ್ಟಿ ಸೀಳಿಕೊಳ್ಳಿ. ಮೂಲೆಮಟ್ಟ ಹಿಡಿದು ಸ್ಲೆಡ್ ಸರಿಯಿದೆ ಅಂದುಕೊಳ್ಳಬೇಡಿ. ಚೌಕ ಪ್ಲೈ ಒಂದನ್ನು, ಆಗಷ್ಟೇ ಕೊಯ್ದ ಅಂಚು ಸ್ಲೆಡ್ಡಿನ ಫೆನ್ಸಿಗೆ ತಾಗುವಂತೆ ಒಂದೇ ದಿಕ್ಕಿಗೆ ತಿರುಗಿಸುತ್ತಾ ನಾಲ್ಕೂ ಬದಿ ಕೊಯ್ಯಿರಿ. ಐದನೆಯದಾಗಿ ಮೊದಲ ಬದಿಯಿಂದಲೇ ಒಂದು ಪಟ್ಟಿ ತೆಗೆಯಿರಿ. ಪಟ್ಟಿಯ ಎರಡು ತುದಿಗಳ ಅಗಲದಲ್ಲಿ ಸಿಗುವ ವ್ಯತ್ಯಾಸ ನಿಜವಾದ ತಪ್ಪಿನ ನಾಲ್ಕು ಪಟ್ಟು. 400 ಮಿ.ಮೀ. ಉದ್ದದ ಪಟ್ಟಿಯಲ್ಲಿ 0.4 ಮಿ.ಮೀ. ವ್ಯತ್ಯಾಸ ಬಂದರೆ, ಅಷ್ಟು ಉದ್ದಕ್ಕೆ ಸ್ಲೆಡ್ 0.1 ಮಿ.ಮೀ. ತಪ್ಪಿದೆ. ವಾರ್ಡ್‌ರೋಬ್ ಕೆಲಸಕ್ಕೆ ಧಾರಾಳವಾಗಿ ಸಾಕು.

ಹೊಟ್ಟಿನ ವಿಷಯದಲ್ಲಿ ಜಿಪುಣತನ ಬೇಡ. ಮರದ ಹೊಟ್ಟು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ ಹೇಳಿದೆ. ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಕೊಯ್ಯುವವರಂತೂ ವ್ಯಾಕ್ಯೂಮ್ ಕೊಳ್ಳಲೇಬೇಕು, ಜೊತೆಗೆ ಮಾಸ್ಕ್ ಇರಲಿ.

ಬೆರಳು ತಾಗಿದರೆ ಐದು ಮಿಲಿಸೆಕೆಂಡಿನಲ್ಲಿ ನಿಲ್ಲುವ ಸಾಸ್ಟಾಪ್ ಥರದ್ದನ್ನು ಹಳೆ ಮೆಷಿನ್ನಿಗೆ ಹಾಕಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಆ ವ್ಯವಸ್ಥೆ ಮೆಷಿನ್ನಿನ ಜೊತೆಗೇ ಹುಟ್ಟಿರಬೇಕು. ಲೇಸರ್ ಗೆರೆ ಸುಮ್ನೆ ದಂಡ. ಇನ್ನು ಅಗಲ ಗಾಡಿ ತೋಡುವ ಡ್ಯಾಡೋ ಸೆಟ್ಟಿಗೆ ದುಡ್ಡು ಕೊಡುವ ಮೊದಲು ಬ್ಲೇಡು ಕೂರುವ ಶಾಫ್ಟಿನ ಉದ್ದ ಅಳೆಯಿರಿ. ಸಣ್ಣ ಮೆಷಿನ್ನುಗಳಲ್ಲಿ ಅದು ಬಹಳ ಸಲ ಸಾಕಾಗುವುದಿಲ್ಲ. ನಿಮ್ಮ ಹತ್ತಿರ ಮರ ತೋಡುವ ರೌಟರ್ ಮೆಷಿನ್ ಇದ್ದರೆ ಆ ಕೆಲಸ ಅದರಲ್ಲೇ ಮುಗಿಯುತ್ತದೆ.