ಎಪ್ಪತ್ನಾಲ್ಕು ಕಾಣದ ಕಣ್ಣು

ಹಡಗಿನ ಕೆಲಸಕ್ಕೆ ಹೋಗುವ ಹುಡುಗರಿಗೆ ಮಂಗಳೂರಿನಲ್ಲಿ ಬರವಿಲ್ಲ. ಸುರತ್ಕಲ್‌ನಲ್ಲಿರುವ ನನ್ನ ಅಕ್ಕನ ಮಗನೂ ಅದೇ ಆಸೆಯಲ್ಲಿ ಮೆಡಿಕಲ್‌ಗೆ ಹೋದ. ಡಾಕ್ಟರ್ ಬಣ್ಣದ ಚುಕ್ಕೆಗಳ ಪುಸ್ತಕ ತೆಗೆದರು. ಮೊದಲ ಪುಟದ 12 ಎಲ್ಲರಿಗೂ ಕಾಣುತ್ತದೆ, ಇವನಿಗೂ ಕಂಡಿತು. ಆಮೇಲೊಂದು ಪುಟದಲ್ಲಿ 74 ಇತ್ತು, ಇವನು 21 ಅಂದ. ಅಲ್ಲಿಗೆ ಹಡಗಿನ ಕನಸು ಮುಗಿಯಿತು. ಅವನಿಗೆ ಬಣ್ಣಗುರುಡು, ಅಂದರೆ ಕೆಂಪು ಹಸಿರುಗಳ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ ಅಂತ ಅಷ್ಟು ವರ್ಷ ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ.

ಗೊತ್ತಾಗುವುದಾದರೂ ಹೇಗೆ? ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್‌ಗೂ ಹೀಗೇ ಆಗಿತ್ತು. ಗುಲಾಬಿ ಬಣ್ಣದ ಜೆರೇನಿಯಂ ಹೂವು ಹಗಲಲ್ಲಿ ಅವನಿಗೆ ಆಕಾಶನೀಲಿ, ರಾತ್ರಿ ಮೇಣದಬತ್ತಿ ಬೆಳಕಲ್ಲಿ ನೋಡಿದರೆ ಕೆಂಪು! ಬೇರೆಯವರನ್ನು ಕೇಳಿದ, ಅವರಿಗೆ ಅಂಥ ವ್ಯತ್ಯಾಸವೇ ಇಲ್ಲ. ಅವನ ತಮ್ಮನೋ ಅಣ್ಣನೋ ಒಬ್ಬನಿಗೆ ಮಾತ್ರ ಅವನ ಹಾಗೇ ಕಾಣುತ್ತಿತ್ತು. 1794ರಲ್ಲಿ ಇದನ್ನೆಲ್ಲ ಮ್ಯಾಂಚೆಸ್ಟರ್‌ನಲ್ಲಿ ಓದಿ ಹೇಳಿದ. ಕಣ್ಣಿನೊಳಗಿನ ನೀರು ನೀಲಿ ಇರಬೇಕು, ಸತ್ತ ಮೇಲೆ ಕತ್ತರಿಸಿ ನೋಡಿ ಅಂದಿದ್ದ. 1844ರಲ್ಲಿ ನೋಡಿದರು, ನೀರು ತಿಳಿಯಾಗೇ ಇತ್ತು. ಆ ಕಣ್ಣಿನ ಚೂರುಗಳನ್ನು ಎಸೆಯದೆ ಇಟ್ಟುಕೊಂಡಿದ್ದು ಒಳ್ಳೆಯದೇ ಆಯಿತು. 1995ರಲ್ಲಿ ಅದರ ಡಿಎನ್‌ಎ ನೋಡಿದಾಗ ಹಸಿರು ಗುರುತಿಸುವ ಜೀನ್ ಇಲ್ಲ ಅಂತ ಗೊತ್ತಾಯಿತು. ಒಂದೂವರೆ ಶತಮಾನ ಕಾದ ಡಯಾಗ್ನೋಸಿಸ್!

ಬಣ್ಣಗುರುಡು ಬರುವ ದಾರಿ ನಮ್ಮ ಅಳಿಯಕಟ್ಟಿನ ಹಾಗೆ, ಅದರಲ್ಲಿ ಸೋದರಮಾವನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದಲ್ಲ, ಹಾಗೆ. ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಗಂಡುಮಕ್ಕಳಿಗೆ ಅದು ತಾಯಿಯಿಂದಲೇ ಬರಬೇಕು. ತಾಯಿಯ ಎರಡನೇ ಎಕ್ಸ್ ಸರಿಯಿದ್ದರೆ ಅವಳಿಗೆ ತೊಂದರೆ ಕಾಣುವುದಿಲ್ಲ, ಆದರೆ ಒಬ್ಬೊಬ್ಬ ಮಗನಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಮಾವನಿಗೂ ಅಳಿಯನಿಗೂ ಒಂದೇ ಆಸ್ತಿ. ನಮ್ಮಣ್ಣನಿಗೂ ಅದೇ ಪುಟ ತೋರಿಸಿದೆವು. 21! ಸಂತೆಯಿಂದ ಅರ್ಧ ಕಾಯಿ ಟೊಮೆಟೊ ತಂದು ಅತ್ತಿಗೆ ಹತ್ತಿರ ಬೈಸಿಕೊಳ್ಳುತ್ತಿದ್ದುದು ಸುಮ್ನೆ ಅಲ್ಲ.

ಕೆಲಸಕ್ಕೂ ಕಣ್ಣಿಗೂ ಗಂಟು ಬಿದ್ದದ್ದು ರೈಲಿನಿಂದ. 1875ರಲ್ಲಿ ಸ್ವೀಡನ್ನಿನ ಲಾಗೆರ್‌ಲುಂಡಾದಲ್ಲಿ ಎರಡು ರೈಲು ಡಿಕ್ಕಿ ಹೊಡೆದವು. ಸಿಗ್ನಲ್ ಬಣ್ಣ ತಪ್ಪಿ ಕಂಡಿರಬೇಕು ಅಂತ ಹೋಲ್ಮ್‌ಗ್ರೆನ್ ಎಂಬ ಪ್ರೊಫೆಸರ್ ಹೇಳಿದರು. ಅದೇ ಕಾರಣವೋ ಅಲ್ಲವೋ, ಈಗಲೂ ವಾದ ಇದೆ. ಆದರೆ ಅವರು ಮಾಡಿದ ಉಣ್ಣೆ ನೂಲಿನ ಪರೀಕ್ಷೆ ಊರೂರಿಗೆ ಹಬ್ಬಿತು. ಚುಕ್ಕೆಗಳ ಪುಸ್ತಕ ಬಂದದ್ದು 1917ರಲ್ಲಿ, ಜಪಾನಿನ ಶಿನೋಬು ಇಶಿಹಾರ ಅವರಿಂದ.

ವಿಮಾನದಲ್ಲೂ ಇದೇ ಕಥೆ. ಬಜ್ಪೆಯಂಥ ಗುಡ್ಡದ ಮೇಲಿನ ರನ್‌ವೇಗೆ ಇಳಿಯುವಾಗ ಪಕ್ಕದ ನಾಲ್ಕು ದೀಪದಲ್ಲಿ ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿ. ನಾಲ್ಕೂ ಕೆಂಪಾದರೆ ವಿಮಾನ ತುಂಬಾ ಕೆಳಗಿದೆ ಅಂತ ಅರ್ಥ. ತೊಂದರೆ ಏನಪ್ಪಾ ಅಂದ್ರೆ, ಪುಸ್ತಕ ಬಾಯಿಪಾಠ ಮಾಡಬಹುದು, ಅದೂ ಅಲ್ಲದೆ ದೋಷ ಎಷ್ಟಿದೆ ಅಂತ ಅದು ಅಳೆಯುವುದಿಲ್ಲ. ಲಂಡನ್ನಿನ ಸಿಟಿ ಯೂನಿವರ್ಸಿಟಿಯವರು ಕಂಪ್ಯೂಟರ್ ಪರದೆಯ ಮೇಲೆ ಬಣ್ಣದ ಚೌಕ ಓಡಿಸಿ ಅದನ್ನೂ ಅಳೆಯುವ ಪರೀಕ್ಷೆ ಮಾಡಿದರು. ಅಮೆರಿಕದಲ್ಲಿ 2025ರಿಂದ ಹೊಸ ಪೈಲಟ್‌ಗಳಿಗೆ ಕಂಪ್ಯೂಟರ್ ಪರೀಕ್ಷೆಯೇ ಆಗಬೇಕು.

ಮೊನ್ನೆ ಸಂಜೆ ಅಳಿಯನ ಜೊತೆ ಮಲ್ಪೆಗೆ ಹೋಗಿದ್ದೆ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ ಹಾಕಿಕೊಂಡು ಒಂದು ಬೋಟ್ ಬರುತ್ತಿತ್ತು. ಹಸಿರು ನಿನಗೆ ಹೇಗೆ ಕಾಣುತ್ತೆ ಅಂತ ಕೇಳಿದೆ. ‘ಬಿಳಿ ಅಲ್ವಾ ಮಾಮ ಅದು?’ ಅಂದ.